ಸೇಡಿನ ಬ್ಲ್ಯಾಕ್ಸ್‌ಪ್ಲಾಯ್ಟೇಶನ್ ಸಿನಿಮಾ ನೋಡೋದಾದ್ರೆ ಯಾವ್ದು ಮೊದ್ಲು? ಕಾಫಿ, ಫಾಕ್ಸಿ ಬ್ರೌನ್, ಬ್ಲ್ಯಾಕ್ ಸೀಸರ್ ಮತ್ತೆ ಇನ್ನೂ ಮೂರು

ನಟಿ ಪ್ಯಾಮ್ ಗ್ರಿಯರ್ ಹೆಸ್ರು ಕೇಳಿರ್ತೀರ, ದೊಡ್ಡ ಆಫ್ರೋ ಕೂದ್ಲು, ಕೈಯಲ್ಲೊಂದು ಶಾಟ್‌ಗನ್, ಆ ಪೋಸ್ಟರ್ ಎಲ್ಲಾದ್ರೂ ಕಣ್ಣಿಗೆ ಬಿದ್ದಿರತ್ತೆ, ಇಲ್ಲಾಂದ್ರೆ ನಿರ್ದೇಶಕ ಟ್ಯಾರಂಟಿನೋನ ಜ್ಯಾಕಿ ಬ್ರೌನ್ ಸಿನಿಮಾ ನೋಡಿ ಯಾರಪ್ಪಾ ಈ ಹೆಂಗಸು ಅಂತ ಹುಡುಕ್ತಾ ಹುಡುಕ್ತಾ 70ರ ದಶಕದ ಅಮೆರಿಕದ ಬ್ಲ್ಯಾಕ್ಸ್‌ಪ್ಲಾಯ್ಟೇಶನ್ ಸಿನಿಮಾಗಳ ಹತ್ರ, ಅಂದ್ರೆ ಕಪ್ಪು ಜನರನ್ನೇ ನಾಯಕ ನಾಯಕಿ ಮಾಡಿ ಕಪ್ಪು ಪ್ರೇಕ್ಷಕರಿಗೆ ಅಂತ ತೆಗೆದ ಸಿನಿಮಾಗಳ ಹತ್ರ ಬಂದು ನಿಂತಿರ್ತೀರ. ಬಂದ್ಮೇಲೆ ಗೊತ್ತಾಗೋದು, ರಾಶಿ ಇದೆ. 1971ರಿಂದ 75ರ ಒಳಗೆ ಒಂದಾದ್ಮೇಲೊಂದು ಬಂದಿವೆ, ಅದ್ರಲ್ಲೂ ಸೇಡಿನ ಕಥೆಗಳೇ ಸಾಕಷ್ಟು, ಕಥೆ ಒಂದು ಸಾಲಲ್ಲಿ ಹೇಳ್ಬಿಟ್ರೆ ಎಲ್ಲಾ ಒಂದೇ ಥರ ಕೇಳ್ಸತ್ತೆ, ಡ್ರಗ್ಸ್ ಗ್ಯಾಂಗಿನವ್ರು ಮನೆಯವ್ರಲ್ಲಿ ಒಬ್ರನ್ನ ಹಾಳು ಮಾಡ್ತಾರೆ ಇಲ್ಲಾ ಕೊಲ್ತಾರೆ, ಉಳಿದವ್ರು ಗನ್ ಎತ್ಕೊಂಡು ಹೊರಡ್ತಾರೆ.

ಹಂಗಿದ್ರೂ ಒಂದಕ್ಕೊಂದು ತುಂಬಾನೇ ಬೇರೆ. ನಾನು ಆರಿಸೋಕೆ ಇಟ್ಕೊಂಡಿರೋ ಅಳತೆ ಒಂದೇ, ಸೇಡು ಎಲ್ಲಿವರೆಗೂ ಹೋಗತ್ತೆ, ಮುಗಿದ್ಮೇಲೆ ತೀರಿಸ್ಕೊಂಡವ್ರ ಕೈಯಲ್ಲಿ ಏನು ಉಳಿಯತ್ತೆ. ಗುಂಡು ಎಷ್ಟು ಹಾರ್ತು, ಕಾರು ಎಷ್ಟು ಉರುಳ್ತು ಅನ್ನೋದು ಎಲ್ಲಾ ಸಿನಿಮಾದಲ್ಲೂ ಹೆಚ್ಚುಕಮ್ಮಿ ಅಷ್ಟಕ್ಕಷ್ಟೇ.

ಮೊದ್ಲು ಎರಡು ಮಾತು ಹಿನ್ನೆಲೆ, ಯಾಕಂದ್ರೆ ಇದು ಗೊತ್ತಿಲ್ದೆ ನೋಡಿದ್ರೆ ಅರ್ಧ ರುಚಿ ಸಿಗಲ್ಲ. ಬ್ಲ್ಯಾಕ್ಸ್‌ಪ್ಲಾಯ್ಟೇಶನ್ ಅನ್ನೋದು, ಅಂದ್ರೆ ಬ್ಲ್ಯಾಕ್ ಜೊತೆ ಎಕ್ಸ್‌ಪ್ಲಾಯ್ಟೇಶನ್ (ಶೋಷಣೆ) ಸೇರಿಸಿದ ಪದ, ಹುಟ್ಟಿದ್ದೇ ಬೈಗುಳವಾಗಿ. 1972ರಲ್ಲಿ ಜೂನಿಯಸ್ ಗ್ರಿಫಿನ್ ಅಂತ, ಕಪ್ಪು ಜನರ ಹಕ್ಕಿಗೆ ಹೋರಾಡೋ ಎನ್‌ಎಎಸಿಪಿ ಸಂಸ್ಥೆಯ ಹಾಲಿವುಡ್ ಶಾಖೆಯ ಮುಖ್ಯಸ್ಥ, ಅವ್ರು ಈ ಪದ ಬಳಕೆಗೆ ತಂದಿದ್ದು. ಪಿಂಪು, ಡ್ರಗ್ಸ್ ಮಾರೋನು, ಕೊಲೆಗಾರ, ಇಷ್ಟನ್ನೇ ತೋರಿಸಿ ನಮ್ಮ ಜನರಿಂದ್ಲೇ ಟಿಕೆಟ್ ದುಡ್ಡು ಬಾಚ್ಕೋತಿದೀರ ಅನ್ನೋದು ಅವ್ರ ಸಿಟ್ಟು, ಆ ಸಿಟ್ಟು ಸುಳ್ಳಲ್ಲ. ಆದ್ರೆ ಇನ್ನೊಂದು ಮಗ್ಗುಲೂ ಇದೆ. 1971ರಲ್ಲಿ ಕಪ್ಪು ನಿರ್ದೇಶಕ ಮೆಲ್ವಿನ್ ವ್ಯಾನ್ ಪೀಬಲ್ಸ್ ತಾನೇ ದುಡ್ಡು ಹೊಂದಿಸಿ ಸ್ವೀಟ್ ಸ್ವೀಟ್‌ಬ್ಯಾಕ್ ಅನ್ನೋ ಸಿನಿಮಾ ಮಾಡಿದಾಗ ಮೊದ್ಲಿಗೆ ಡೆಟ್ರಾಯ್ಟ್, ಅಟ್ಲಾಂಟಾ ಅಂತ ಎರಡೇ ಥಿಯೇಟರ್ ಸಿಕ್ಕಿದ್ದು, ಅಲ್ಲಿ ಜನ ಕಿಕ್ಕಿರಿದ್ರು, ಯಾಕಂದ್ರೆ ಬಿಳಿ ಪೊಲೀಸಿಗೆ ತಿರುಗಿಸಿ ಹೊಡೆದ ಕಪ್ಪು ಮನುಷ್ಯ ಸಿನಿಮಾ ಮುಗಿಯೋವಾಗ್ಲೂ ಜೀವಂತವಾಗಿದ್ದ. ಅಂಥದ್ದನ್ನ ಪರದೆ ಮೇಲೆ ಆ ಜನ ಕಂಡೇ ಇರ್ಲಿಲ್ಲ ಅನ್ನಬಹುದು. ಅದೇ ವರ್ಷ ಎಂಜಿಎಂ ಕಂಪನಿಯ ಶಾಫ್ಟ್ ಬಂತು, ಅದೂ ಓಡ್ತು, ಆಮೇಲೆ ಎಲ್ಲಾ ಸ್ಟುಡಿಯೋದವ್ರೂ ಕ್ಯೂ ನಿಂತ್ರು.

ಈಗ ಸಿನಿಮಾಗಳ ವಿಷ್ಯಕ್ಕೆ ಬರೋಣ. ಒಂದೇ ಒಂದು ನೋಡ್ತೀನಿ ಅನ್ನೋರಿಗೆ ನನ್ನ ಉತ್ತರ ಕಾಫಿ, 1973, ನಿರ್ದೇಶನ ಜ್ಯಾಕ್ ಹಿಲ್, ನಾಯಕಿ ಪ್ಯಾಮ್ ಗ್ರಿಯರ್. ಹೆಸ್ರು ನೋಡಿ ಕುಡಿಯೋ ಕಾಫಿ ಅನ್ಕೋಬೇಡಿ, ನಾಯಕಿಯ ಮನೆತನದ ಹೆಸ್ರು ಕಾಫಿನ್, ಅಂದ್ರೆ ಶವಪೆಟ್ಟಿಗೆ, ಅದನ್ನೇ ಎಲ್ರೂ ಮುದ್ದಾಗಿ ಕಾಫಿ ಅಂತ ಕರೀತಾರೆ. ಲಾಸ್ ಏಂಜಲಿಸ್‌ನಲ್ಲಿ ಆಸ್ಪತ್ರೆ ನರ್ಸು. ಪುಟ್ಟ ತಂಗಿ ಹೆರಾಯಿನ್ ಚಟಕ್ಕೆ ಬಿದ್ದು ಪುನರ್ವಸತಿ ಕೇಂದ್ರ ಸೇರಿದಾಳೆ. ಅಕ್ಕ ರಾತ್ರಿ ವೇಷ ಹಾಕ್ಕೊಂಡು, ತಾನೂ ಚಟಕ್ಕೆ ಬಿದ್ದೋಳು, ಒಂದು ಡೋಸಿಗೆ ಏನು ಬೇಕಾದ್ರೂ ಮಾಡ್ತೀನಿ ಅನ್ನೋ ಥರ ನಟಿಸ್ಕೊಂಡು, ಡ್ರಗ್ಸ್ ಮಾರೋನ ಮನೆ ಒಳಗೇ ಹೋಗಿ ಶಾಟ್‌ಗನ್ ಎತ್ತಿ ತಲೆಗೇ ಹೊಡೀತಾಳೆ. ಇದು ಸಿನಿಮಾ ಶುರುವಾಗಿ ಕೆಲವೇ ನಿಮಿಷಕ್ಕೆ. ಬೇರೆಯವ್ರು ಕ್ಲೈಮ್ಯಾಕ್ಸಿಗೆ ಇಟ್ಕೊಳ್ಳೋ ಸೇಡನ್ನ ಇದು ಬಾಗಿಲಲ್ಲೇ ಮುಗಿಸ್ಬಿಡತ್ತೆ, ಇನ್ನು ಮುಂದೆ ಏನು ಅನ್ನೋ ಪ್ರಶ್ನೆ ಅಲ್ಲಿಂದ ಶುರು.

ಅದಾದ್ಮೇಲೆ ಬರೋ ದೃಶ್ಯ ನೋಡಿ, ನನಗೆ ಈ ಸಿನಿಮಾದಲ್ಲಿ ಎಲ್ಲಕ್ಕಿಂತ ಮುಖ್ಯ ಅದೇ. ಕೊಲೆ ಮಾಡಿ ಬಂದೋಳು ಡ್ಯೂಟಿಗೆ ಹೋಗ್ತಾಳೆ. ಆಪರೇಷನ್ ಥಿಯೇಟರ್, ಮುಖಕ್ಕೆ ಮಾಸ್ಕು, ಡಾಕ್ಟ್ರು ಕೇಳಿದ ಸಾಮಾನು ಎತ್ತಿಕೊಡೋದು ಅವಳ ಕೆಲ್ಸ, ಕೈ ನಡುಗತ್ತೆ, ಗಮನ ನಿಲ್ಲಲ್ಲ, ಡಾಕ್ಟ್ರು ಅವಳನ್ನ ಆಚೆ ಕಳಿಸ್ತಾರೆ. ಅಷ್ಟೇ, ತುಂಬಾ ಚಿಕ್ಕ ದೃಶ್ಯ. ಜೀವ ಉಳಿಸೋಕೆ ಕಲಿತ ಕೈ ಜೀವ ತೆಗೆದು ಬಂದಿದೆ, ಆ ಕೈಗೇ ಅದು ಗೊತ್ತಾಗಿದೆ. ಈ ನಡುಕ ತೋರಿಸೋಕೆ ಬೇರೆ ಸೇಡಿನ ಹೀರೋಗಳಿಗೆ ಪುರುಸೊತ್ತೇ ಇರಲ್ಲ. ಮಾತಾಡ್ತಾ ಅವಳೇ ಒಂದ್ಕಡೆ ಹೇಳ್ಕೋತಾಳೆ, ಕನಸಲ್ಲಿ ನಡೀತಿದೀನೇನೋ ಅನ್ಸತ್ತೆ ಅನ್ನೋ ಅರ್ಥದಲ್ಲಿ, ಗ್ರಿಯರ್ ಆ ಮಾತನ್ನ ಒಂದು ಚೂರೂ ಜೋರು ಮಾಡ್ದೆ ಹೇಳ್ತಾಳೆ.

ಆಮೇಲೆ ಸೇಡು ಮೆಟ್ಟಿಲು ಹತ್ತತ್ತೆ. ಬೀದೀಲಿ ಮಾರೋನು ಸತ್ತ, ಅವನಿಗೆ ಮಾಲು ಕೊಟ್ಟೋನು ಯಾರು? ಕಿಂಗ್ ಜಾರ್ಜ್ ಅನ್ನೋ ಪಿಂಪು. ಅವನ ಮೇಲೆ? ವಿಟ್ರೋನಿ ಅನ್ನೋ ಮಾಫಿಯಾದವ್ನು. ಅವನಿಗೆ ರಕ್ಷಣೆ ಕೊಡೋರು? ಪೊಲೀಸ್ರು, ರಾಜಕಾರಣಿಗಳು. ನಡುವೆ ಲಂಚ ಮುಟ್ಟದ ಒಬ್ಬ ಪೊಲೀಸ್, ಕಾರ್ಟರ್, ಅವಳ ಹಳೇ ಗೆಳೆಯ, ಅವನನ್ನ ಅವಳ ಕಣ್ಣೆದುರೇ ಹೊಡೆದು ಬುದ್ಧಿ ಸ್ವಾಧೀನ ಇಲ್ದಂಗೆ ಮಾಡಿಹಾಕ್ತಾರೆ. ಕೂದ್ಲೊಳಗೆ ಬ್ಲೇಡು ಬಚ್ಚಿಟ್ಕೊಂಡು ಪಾರ್ಟೀಲಿ ಜಗಳ ತೆಗೆಯೋ ಸೀನು ಎಲ್ರಿಗೂ ನೆನಪಿರೋದು, ಮಜವಾಗೇ ಇದೆ, ಆದ್ರೆ ನಾನು ನಿಲ್ಲೋದು ಕಿಂಗ್ ಜಾರ್ಜ್ ಸಾಯೋ ಹತ್ರ. ಕುತ್ತಿಗೆಗೆ ಹಗ್ಗ ಹಾಕಿ ಕಾರಿಗೆ ಕಟ್ಟಿ ಎಳ್ಕೊಂಡು ಹೋಗ್ತಾರೆ, ಹಳದಿ ಜಂಪ್‌ಸೂಟು ಹಾಕ್ಕೊಂಡು ಮೆರೀತಿದ್ದ ಮನುಷ್ಯ. ಅವನು ಕೆಟ್ಟೋನೇ, ನಾಯಕಿ ಹೆಣೆದ ಸುಳ್ಳಿಂದ್ಲೇ ಅವನಿಗೆ ಈ ಗತಿ ಬಂದಿದ್ದು, ಆದ್ರೆ ಬಿಳಿ ಗೂಂಡಾಗಳು ಕಪ್ಪು ಮನುಷ್ಯನ ಕುತ್ತಿಗೆಗೆ ಹಗ್ಗ ಬಿಗಿದಾಗ ಅಮೆರಿಕದ ಲಿಂಚಿಂಗ್ ಚರಿತ್ರೆ, ಬಿಳಿಯರು ಗುಂಪುಕಟ್ಟಿ ಕಪ್ಪು ಜನರನ್ನ ನೇಣು ಹಾಕಿ ಕೊಲ್ತಿದ್ದ ಚರಿತ್ರೆ, ಪೂರ್ತಿ ಆ ಹಗ್ಗದಲ್ಲಿ ಬರತ್ತೆ, ನೋಡೋರಿಗೆ ಸೇಡು ಸಿಹಿ ಅನ್ನಿಸೋದು ಅಲ್ಲಿಗೆ ನಿಂತುಹೋಗತ್ತೆ.

ಮೆಟ್ಟಿಲಿನ ತುದಿಯಲ್ಲಿ ಯಾರಿದಾರೆ ಅಂತ ಹೇಳಿದ್ರೆ ಸಸ್ಪೆನ್ಸ್ ಹೋಗತ್ತೆ, ಈ ಪ್ಯಾರಾ ಬೇಡ ಅನ್ನೋರು ಮುಂದಕ್ಕೆ ಹೋಗಿ. ತುದೀಲಿರೋದು ಬ್ರನ್ಸ್‌ವಿಕ್, ಅವಳ ಪ್ರಿಯಕರ, ನಗರಸಭೆ ಸದಸ್ಯ, ಕಪ್ಪು ಜನರ ಪರವಾಗಿ ಭಾಷಣ ಮಾಡ್ಕೊಂಡು ಮೇಲಿನ ಚುನಾವಣೆಗೆ ಹೊರಟೋನು. ಕೊನೇಲಿ ಸಮುದ್ರದ ದಂಡೆ ಮನೇಲಿ ಅವನ ಎದುರು ಗನ್ ಹಿಡಿದು ನಿಂತಿರ್ತಾಳೆ, ಅವ್ನು ಮಾತಲ್ಲೇ ಅವಳನ್ನ ಕರಗಿಸ್ತಾ ಹೋಗ್ತಾನೆ, ಅಧಿಕಾರ ಬಂದ್ರೆ ನಮ್ಮ ಜನಕ್ಕೇ ಒಳ್ಳೇದು, ನಿನ್ನ ಬಿಟ್ರೆ ನಂಗ್ಯಾರು ಅಂತ, ಅವಳೂ ಗನ್ ಇಳಿಸೋ ಹಂತಕ್ಕೆ ಬರ್ತಾಳೆ, ನಂಬೋಕೆ ಅಷ್ಟು ಆಸೆ ಅವಳಿಗೆ. ಅಷ್ಟ್ರಲ್ಲಿ ಒಳಗಿನ ರೂಮಿಂದ ಇನ್ನೊಬ್ಳು ಬರ್ತಾಳೆ. ಗುಂಡು ಹಾರತ್ತೆ. ಆಮೇಲೆ ಮಾತಿಲ್ಲ, ದಂಡೆ ಮೇಲೆ ಒಬ್ಳೇ ನಡ್ಕೊಂಡು ಹೋಗ್ತಾಳೆ, ರಾಯ್ ಏಯರ್ಸ್ ಸಂಗೀತ. ಗೆದ್ದ ನಡಿಗೆ ಅನ್ನೋಕೆ ನನ್ನ ಕೈಲಾಗಲ್ಲ. ತಂಗಿ ಇನ್ನೂ ಅದೇ ಕೇಂದ್ರದಲ್ಲಿದಾಳೆ, ಕಾರ್ಟರ್ ಇನ್ನೂ ಹಾಸಿಗೆ ಮೇಲೇ ಇದಾನೆ.

ಇದರ ಪಕ್ಕ ಎಲ್ರೂ ಇಡೋದು ಫಾಕ್ಸಿ ಬ್ರೌನ್, 1974. ಅದೇ ಜ್ಯಾಕ್ ಹಿಲ್, ಅದೇ ಗ್ರಿಯರ್, ಅದೇ ಎಐಪಿ ಅನ್ನೋ ಸಿನಿಮಾ ನಿರ್ಮಾಣ ಕಂಪನಿ, ಅಸಲಿಗೆ ಕಾಫಿಯ ಮುಂದುವರಿದ ಭಾಗ ಅಂತ್ಲೇ ಬರೆದಿದ್ದು, ಕಂಪನಿಯವ್ರು ಸೀಕ್ವೆಲ್ ಬೇಡ ಅಂದಿದ್ದಕ್ಕೆ ಹೆಸ್ರು ಬದಲಾಯ್ಸಿದ್ರು. ಅದಕ್ಕೇ ಫಾಕ್ಸಿಗೆ ಕೆಲಸ ಏನು ಅಂತ ಸಿನಿಮಾದಲ್ಲೆಲ್ಲೂ ಸರಿಯಾಗಿ ಹೇಳೋದೇ ಇಲ್ಲ, ನರ್ಸ್ ಅನ್ನೋಕಾಗಲ್ಲವಲ್ಲ. ಬಟ್ಟೆಬರೆ ಇದ್ರಲ್ಲೇ ಚೆನ್ನಾಗಿರೋದು, ಟೈಟಲ್ ಸಾಂಗೂ ಇದ್ರದ್ದೇ ಜೋರು, ವಿಲ್ಲಿ ಹಚ್ ಹಾಡಿರೋದು, ಗ್ರಿಯರ್ ಒಂದೊಂದು ಡ್ರೆಸ್ಸಲ್ಲಿ ಕುಣೀತಾ ಹೆಸ್ರು ಬೀಳತ್ತೆ, ಸ್ಟಾರ್ ಅಂದ್ರೆ ಹಿಂಗಿರ್ಬೇಕು ಅನ್ಸತ್ತೆ. ಸರ್ಕಾರಿ ಗುಪ್ತ ಏಜೆಂಟ್ ಆಗಿದ್ದ ಅವಳ ಪ್ರಿಯಕರ ಮುಖಾನೇ ಬದಲಾಯಿಸ್ಕೊಂಡು ಬಂದಿರ್ತಾನೆ, ಅವನನ್ನ ಗುರುತು ಹಿಡಿದು ಗ್ಯಾಂಗಿಗೆ ಮಾರೋದು ಅವಳ ಸ್ವಂತ ತಮ್ಮ, ಸಾಲ ತೀರಿಸೋಕೆ. ಆ ತಮ್ಮನ ಪಾತ್ರ ಮಾಡಿರೋ ಆಂಟೋನಿಯೋ ಫಾರ್ಗಸ್ ಅದ್ಭುತ, ಬೆವರಿನ ವಾಸನೆ ಬರೋವಷ್ಟು ಪುಕ್ಕಲುತನ.

ವ್ಯತ್ಯಾಸ ಎಲ್ಲಿದೆ ಅಂದ್ರೆ, ಫಾಕ್ಸಿಗೆ ತನ್ನ ಬಗ್ಗೆ ಸಂಶಯ ಇಲ್ಲ. ಒಂದು ದೃಶ್ಯದಲ್ಲಿ ಬಡಾವಣೆಯ ಹುಡುಗರ ಸಮಿತಿ ಹತ್ರ ಸಹಾಯ ಕೇಳೋಕೆ ಹೋಗ್ತಾಳೆ, ನ್ಯಾಯ ಬೇಕು ಅಂತಾಳೆ, ಅವರಲ್ಲೊಬ್ಬ ನೀನು ಕೇಳ್ತಿರೋದು ಸೇಡು ಅಲ್ವಾ ಅಂತಾನೆ, ನ್ಯಾಯ ನೀವು ನೋಡ್ಕೊಳ್ಳಿ, ಸೇಡು ನಾನು ನೋಡ್ಕೋತೀನಿ ಅನ್ನೋ ಅರ್ಥದ ಮಾತು ಹೇಳ್ತಾಳೆ. ಚಪ್ಪಾಳೆ ಬೀಳೋ ಡೈಲಾಗು. ಕಾಫಿ ಬಾಯಲ್ಲಿ ಆ ಮಾತು ಬರ್ತಿರ್ಲಿಲ್ಲ. ಕೊನೆಗೆ ಮಿಸ್ ಕ್ಯಾಥರೀನ್ ಅನ್ನೋ ಗ್ಯಾಂಗಿನ ಯಜಮಾನಿಗೆ ಉಪ್ಪಿನಕಾಯಿ ಜಾಡೀಲಿ ಹಾಕಿ ತಂದುಕೊಡೋ ಉಡುಗೊರೆ ಇದೆಯಲ್ಲ, ಏನು ಅಂತ ನಾನು ಬರೆಯಲ್ಲ, ಸೇಡಿನ ಸಿನಿಮಾದಲ್ಲಿ ಅದಕ್ಕಿಂತ ಕ್ರೂರವಾದ ಲೆಕ್ಕ ಚುಕ್ತಾ ನಾನಂತೂ ನೋಡಿಲ್ಲ. ಆದ್ರೆ ಒಂದು ವಿಷ್ಯ ಗಟ್ಟಿಯಾಗಿ ಹೇಳ್ಬೇಕು, ನಡುವೆ ಅವಳನ್ನ ಊರಾಚೆಯ ತೋಟದ ಮನೇಲಿ ಕಟ್ಟಿಹಾಕಿ, ಡ್ರಗ್ಸ್ ಚುಚ್ಚಿ, ಅತ್ಯಾಚಾರ ಮಾಡೋ ಭಾಗ ಇದೆ. ಆಮೇಲಿನ ಸೇಡಿಗೆ ಕಾರಣ ಒದಗಿಸೋಕೆ ಅಂತ ಇಟ್ಟಿರೋದು ಕಣ್ಣಿಗೆ ಹೊಡೆಯತ್ತೆ, ನನಗೆ ಅದು ಯಾವತ್ತೂ ಒಪ್ಪಿಗೆ ಆಗಿಲ್ಲ. ಕಾಫೀಲೂ ಮೈ ತೋರಿಸೋದು ಬೇಕಾದಷ್ಟಿದೆ, ಹೊಡೆತ ಬಡಿತ ಇದೆ, ಆದ್ರೆ ಈ ಮಟ್ಟಕ್ಕಿಲ್ಲ. ಇಂಥದ್ದು ನೋಡೋಕಾಗಲ್ಲ ಅನ್ನೋರು ಫಾಕ್ಸಿ ಬ್ರೌನ್ ಬಿಟ್ಬಿಡಿ, ಏನೂ ಕಳ್ಕೊಳ್ಳಲ್ಲ. ಎರಡನ್ನೂ ಒಂದೇ ರಾತ್ರಿ ಬೆನ್ನುಬೆನ್ನಿಗೆ ನೋಡೋದಂತೂ ಬೇಡ್ವೇ ಬೇಡ, ಒಂದರ ನೋವನ್ನ ಇನ್ನೊಂದರ ಗದ್ದಲ ನುಂಗ್ಬಿಡತ್ತೆ.

ಹೆಂಗಸು ಗನ್ ಹಿಡಿಯೋ ಕಥೆಗಿಂತ ಗ್ಯಾಂಗ್‌ಸ್ಟರ್ ಏರೋ ಬೀಳೋ ಕಥೆ ಇಷ್ಟ ಅನ್ನೋರಿಗೆ ಬ್ಲ್ಯಾಕ್ ಸೀಸರ್, 1973, ನಿರ್ದೇಶನ ಲ್ಯಾರಿ ಕೋಹೆನ್. ನಾಯಕ ಫ್ರೆಡ್ ವಿಲಿಯಮ್ಸನ್, ಅಮೆರಿಕನ್ ಫುಟ್‌ಬಾಲ್‌ನ ಫೈನಲ್ ಆದ ಸೂಪರ್‌ಬೌಲ್‌ನ ಮೊದ್ಲ ಪಂದ್ಯ ಆಡಿದ ಕಾನ್ಸಾಸ್ ಸಿಟಿ ತಂಡದ ಆಟಗಾರ, ನಡಿಗೇಲೇ ಒಂದು ಗತ್ತು. ಕಥೆ ಶುರುವಾಗೋದು 1953ರ ನ್ಯೂಯಾರ್ಕ್‌ನಲ್ಲಿ, ಶೂ ಪಾಲಿಶ್ ಮಾಡೋ ಹುಡುಗ ಟಾಮಿ, ಮೆಕಿನ್ನಿ ಅನ್ನೋ ಲಂಚಕೋರ ಪೊಲೀಸಿಗೆ ದುಡ್ಡಿನ ಕವರ್ ತಲುಪಿಸ್ತಾನೆ, ದುಡ್ಡು ಕಮ್ಮಿ ಇದೆ ಅಂತ ಆ ಪೊಲೀಸ್ ಹುಡುಗನ ಕಾಲು ಮುರಿಯೋ ಹಂಗೆ ಬಡೀತಾನೆ. ಜೀವನ ಪೂರ್ತಿ ಕುಂಟು. ಆ ಕುಂಟು ಕಾಲೇ ಸಿನಿಮಾದ ನೆನಪಿನ ಶಕ್ತಿ ಅನ್ಬೇಕು, ವಿಲಿಯಮ್ಸನ್ ಒಳ್ಳೇ ಸೂಟು ಹಾಕ್ಕೊಂಡು ನ್ಯೂಯಾರ್ಕಿನ ಕಪ್ಪು ಜನರ ಬಡಾವಣೆ ಹಾರ್ಲೆಮ್‌ನ ಬೀದೀಲಿ ರಾಜನ ಥರ ಬರ್ತಿದ್ರೂ ಹೆಜ್ಜೆಹೆಜ್ಜೆಗೂ ಹಳೇ ಏಟು ಕಾಣ್ಸತ್ತೆ.

ಇದ್ರಲ್ಲಿ ಸೇಡಿನ ದೃಶ್ಯ ಒಂದಿದೆ, ಇಡೀ ಪ್ರಕಾರದಲ್ಲೇ ಅಷ್ಟು ತೀಕ್ಷ್ಣವಾದದ್ದು ಇನ್ನೊಂದಿಲ್ಲ ಅಂತ ನನ್ನ ಅಭಿಪ್ರಾಯ. ಮೆಕಿನ್ನಿ ಕೊನೆಗೆ ಟಾಮಿ ಕೈಗೆ ಸಿಗ್ತಾನೆ, ಟಾಮಿ ಶೂ ಪಾಲಿಶ್ ಡಬ್ಬಿ ತೆಗೆದು ಆ ಬಿಳಿ ಪೊಲೀಸಿನ ಮುಖಕ್ಕೆ ಕಪ್ಪು ಬಳೀತಾನೆ, ಮ್ಯಾಮಿ ಹಾಡು ಹಾಡು ಅಂತಾನೆ. ಅಮೆರಿಕದಲ್ಲಿ ಬಿಳಿಯರು ಮುಖಕ್ಕೆ ಮಸಿ ಬಳ್ಕೊಂಡು ಕಪ್ಪು ಜನರನ್ನ ಆಡ್ಕೊಂಡು ನಗಿಸ್ತಿದ್ರಲ್ಲ, ಆ ಆಟದ ಹಾಡು ಅದು. ಹುಡುಗನ ಹೊಟ್ಟೆಪಾಡಿನ ಪಾಲಿಶು, ದೊಡ್ಡೋರ ಮೋಜಿನ ಮಸಿ, ಎರಡೂ ಒಂದೇ ಡಬ್ಬೀಲಿ. ಕ್ಯಾಮೆರಾ ಮುಖದ ಹತ್ರಾನೇ ಇರತ್ತೆ, ಪಾಲಿಶಿನ ಹೊಳಪು, ಒದ್ದಾಡೋ ಕಣ್ಣು. ಆದ್ರೆ ಅಷ್ಟು ಹೊತ್ತಿಗೆ ಟಾಮಿ ಕೈಯಲ್ಲಿ ಏನೂ ಉಳಿದಿಲ್ಲ, ಹೆಂಗಸು ಹೋದ್ಳು, ಗೆಳೆಯ ಹೋದ, ಅಮ್ಮ ಮನೆಗೆಲಸ ಮಾಡ್ತಿದ್ದ ಫ್ಲ್ಯಾಟನ್ನೇ ಕೊಂಡು ಅವಳ ಕೈಗೆ ಕೊಟ್ರೆ ಅವಳು ಬೇಡ ಅಂದಾಯ್ತು.

ಇದನ್ನ ಆರಿಸೋರು ಯಾವ ಪ್ರಿಂಟ್ ಅಂತ ಒಂದ್ಸಲ ನೋಡ್ಕೊಳ್ಳಿ. ಮೂಲ ಅಂತ್ಯದಲ್ಲಿ ಗಾಯಗೊಂಡ ಟಾಮಿ ತಾನು ಹುಟ್ಟಿ ಬೆಳೆದ ಪಾಳುಬಿದ್ದ ಕಟ್ಟಡಕ್ಕೆ ವಾಪಸ್ ಬರ್ತಾನೆ, ಅಲ್ಲಿ ಪುಂಡ ಹುಡುಗರ ಗುಂಪು ಅವನು ಯಾರು ಅಂತ ಕೂಡ ಗೊತ್ತಿಲ್ದೆ ಕೈಗಡಿಯಾರಕ್ಕೋಸ್ಕರ ಅವನ ಮೇಲೆ ಬೀಳತ್ತೆ. ಥಿಯೇಟರ್ ಜನ ಇದನ್ನ ಸಹಿಸ್ಲಿಲ್ಲ, ಅಮೆರಿಕದಲ್ಲಿ ಆ ಭಾಗ ಕತ್ತರಿಸಿ ಓಡಿಸಿದ್ರು, ಅದ್ರಿಂದ್ಲೇ ಅದೇ ವರ್ಷ ಹೆಲ್ ಅಪ್ ಇನ್ ಹಾರ್ಲೆಮ್ ಅಂತ ಎರಡನೇ ಭಾಗ ಮಾಡೋಕಾಯ್ತು. ಆಮೇಲಿನ ವಿಡಿಯೋ ಪ್ರಿಂಟ್‌ಗಳಲ್ಲಿ ಮೂಲ ಅಂತ್ಯ ಇದೆ, ಅದನ್ನೇ ನೋಡಿ, ಎರಡನೇ ಭಾಗ ನೋಡದಿದ್ರೂ ನಷ್ಟ ಇಲ್ಲ.

ಗಾರ್ಡನ್ಸ್ ವಾರ್, 1973, ಇದರ ಬಗ್ಗೆ ಮಾತಾಡೋರೇ ಕಮ್ಮಿ, ನನಗದು ಬೇಜಾರು. ನಿರ್ದೇಶಕ ಆಸ್ಸಿ ಡೇವಿಸ್, ನಟ, 1965ರಲ್ಲಿ ಕಪ್ಪು ಜನರ ಹೋರಾಟದ ನಾಯಕ ಮಾಲ್ಕಮ್ ಎಕ್ಸ್ ಅಂತ್ಯಸಂಸ್ಕಾರದಲ್ಲಿ ಶ್ರದ್ಧಾಂಜಲಿ ಭಾಷಣ ಮಾಡಿದ ಮನುಷ್ಯ. ಕಾಫಿ, ಫಾಕ್ಸಿ, ಬ್ಲ್ಯಾಕ್ ಸೀಸರ್ ಮೂರನ್ನೂ ಮಾಡಿದ್ದು ಬಿಳಿಯ ನಿರ್ದೇಶಕರು, ಇದನ್ನ ಮಾಡಿದ್ದು ಆ ಬೀದಿಗಳ ಬಗ್ಗೆ ಜವಾಬ್ದಾರಿ ಇಟ್ಕೊಂಡಿದ್ದ ಕಪ್ಪು ಕಲಾವಿದ, ಆ ವ್ಯತ್ಯಾಸ ಪ್ರತಿ ಫ್ರೇಮಲ್ಲೂ ಗೊತ್ತಾಗತ್ತೆ. ವಿಯೆಟ್ನಾಂ ಯುದ್ಧದಿಂದ ವಾಪಸ್ ಬಂದ ಗಾರ್ಡನ್, ಪಾತ್ರ ಮಾಡಿರೋದು ಪಾಲ್ ವಿನ್‌ಫೀಲ್ಡ್, ಮನೆಗೆ ಬಂದ್ರೆ ಹೆಂಡ್ತಿ ಡ್ರಗ್ಸ್ ಓವರ್‌ಡೋಸಿಂದ ಸತ್ತಿದಾಳೆ. ಅವ್ನು ಒಬ್ನೇ ಹೊರಡಲ್ಲ, ಜೊತೇಲಿ ಯುದ್ಧ ಮಾಡಿದ್ದ ಮೂವರು ಗೆಳೆಯರನ್ನ ಸೇರಿಸ್ತಾನೆ, ಸೈನ್ಯದಲ್ಲಿ ಮಾಡೋ ಹಂಗೇ ಮೊದ್ಲು ಬೇಹು, ಯಾರು ಎಲ್ಲಿ ಮಾರ್ತಾನೆ, ಮಾಲು ಎಲ್ಲಿಂದ ಬರತ್ತೆ ಅಂತ ಲೆಕ್ಕ, ಆಮೇಲೆ ದಾಳಿ. ಸರ್ಕಾರ ದೂರದ ದೇಶದಲ್ಲಿ ಕೊಲ್ಲೋಕೆ ಕಲಿಸಿದ್ದನ್ನ ಸ್ವಂತ ಬೀದಿ ಉಳಿಸೋಕೆ ಬಳಸ್ತಾರೆ. ನಿಜವಾದ ಹಾರ್ಲೆಮ್‌ನಲ್ಲೇ ಶೂಟ್ ಮಾಡಿದಾರೆ, ಮುರಿದ ಕಿಟಕಿ, ಖಾಲಿ ಕಟ್ಟಡ, ಮೂಲೇಲಿ ಕೂತು ತೂಕಡಿಸೋ ಜನ, ಅದನ್ನ ನೋಡಿದ್ಮೇಲೆ ಈ ಸೇಡು ಒಬ್ಬನ ಮನೆ ವಿಷ್ಯ ಅನ್ನಿಸಲ್ಲ. ವೇಗ ಕಮ್ಮಿ, ನಗು ಕಮ್ಮಿ, ಗ್ಲ್ಯಾಮರ್ ಇಲ್ವೇ ಇಲ್ಲ. ಕಾಫಿ ಇಷ್ಟ ಆದೋರು ಎರಡನೇದಾಗಿ ಇದನ್ನೇ ನೋಡ್ಬೇಕು ಅನ್ನೋದು ನನ್ನ ಮಾತು, ಫಾಕ್ಸಿ ಅಲ್ಲ.

ಸ್ಲಾಟರ್, 1972, ಇದನ್ನ ಬೇಗ ಹೇಳಿ ಮುಗಿಸ್ತೀನಿ. ನಾಯಕ ಜಿಮ್ ಬ್ರೌನ್, ಅವರೂ ಅಮೆರಿಕನ್ ಫುಟ್‌ಬಾಲ್ ದಂತಕಥೆ, ಅಪ್ಪ ಅಮ್ಮನ್ನ ಕಾರಿಗೆ ಬಾಂಬ್ ಇಟ್ಟು ಕೊಂದಿದ್ದಕ್ಕೆ ಮಾಜಿ ಸೈನಿಕ ಸೇಡಿಗೆ ಹೊರಡ್ತಾನೆ, ಮೆಕ್ಸಿಕೋದಲ್ಲಿ ಶೂಟಿಂಗು, ಕಾರು, ಗುಂಡು, ಬಿಲ್ಲಿ ಪ್ರೆಸ್ಟನ್ ಟೈಟಲ್ ಹಾಡು. ಆರು ಸಿನಿಮಾದಲ್ಲಿ ನಮ್ಮ ಹಳೇ ಆಕ್ಷನ್ ಸಿನಿಮಾ ನೋಡಿ ಬೆಳೆದೋರಿಗೆ ಸಲೀಸಾಗಿ ಒಗ್ಗೋದು ಇದೇ, ತಲೆ ಉಪಯೋಗಿಸೋ ಅಗತ್ಯ ಇಲ್ಲ, ಭಾನುವಾರ ಮಧ್ಯಾಹ್ನ ಊಟ ಆದ್ಮೇಲೆ ಹಾಕ್ಕೊಳ್ಳಿ.

ಶುಗರ್ ಹಿಲ್, 1974, ಪೂರ್ತಿ ಬೇರೆ ದಾರಿ. ಗೂಂಡಾಗಳು ಪ್ರಿಯಕರನ್ನ ಅವನದ್ದೇ ನೈಟ್‌ಕ್ಲಬ್ಬಿನ ಪಾರ್ಕಿಂಗ್ ಜಾಗದಲ್ಲಿ ಬಡಿದು ಕೊಂದ್ಮೇಲೆ ಶುಗರ್, ಪಾತ್ರಧಾರಿ ಮಾರ್ಕಿ ಬೇ, ಗನ್ ಹಿಡಿಯಲ್ಲ, ವೂಡೂ ಅನ್ನೋ ಮಾಟಮಂತ್ರ ಬಲ್ಲ ಮುದುಕಿ ಹತ್ರ ಹೋಗಿ ಸತ್ತವ್ರ ಒಡೆಯ ಬ್ಯಾರನ್ ಸ್ಯಾಮಡಿಯನ್ನ ಎಬ್ಬಿಸ್ತಾಳೆ. ನೆಲದಿಂದ ಏಳೋ ಹೆಣಗಳು ಯಾರು ಅಂದ್ರೆ ಆಫ್ರಿಕಾದ ಗಿನಿಯಿಂದ ಹಡಗಲ್ಲಿ ತಂದ ಗುಲಾಮರು, ಕೈಗೆ ಇನ್ನೂ ಬೇಡಿ ಇದೆ, ಮೈಮೇಲೆ ಜೇಡರ ಬಲೆ, ಕಣ್ಣು ಬೆಳ್ಳಿ ಗೋಲಿ. ಬಡ ಬಜೆಟ್ಟಿನ ಸಿನಿಮಾ, ಕೆಲವು ಕಡೆ ಮೇಕಪ್ ಸಾಮಾನ್ಯ, ಆದ್ರೆ ಆ ಬೇಡಿ ಒಂದು ಸಾಕು, ಒಬ್ಳ ಸೇಡಿನ ಹಿಂದೆ ಇನ್ನೂರು ಮುನ್ನೂರು ವರ್ಷದ ಹಗೆ ಎದ್ದು ನಿಲ್ಲತ್ತೆ. ರಕ್ತ ಕಮ್ಮಿ, ಮೈ ಪ್ರದರ್ಶನ ಕಮ್ಮಿ, ಈ ಆರರಲ್ಲಿ ಮನೆಯಲ್ಲಿ ದೊಡ್ಡ ಮಕ್ಕಳಿರೋವಾಗ್ಲೂ ನೋಡಬಹುದು ಅನ್ನೋ ಧೈರ್ಯ ನನಗೆ ಬರೋದು ಇದೊಂದರ ಬಗ್ಗೆ. ಮಿಕ್ಕ ಐದನ್ನ ದಯವಿಟ್ಟು ಹಾಲ್‌ನಲ್ಲಿ ಎಲ್ರ ಮಧ್ಯೆ ಹಾಕ್ಬೇಡಿ.

ಸಂಗೀತ ಕೇಳೋಕೇ ಈ ಸಿನಿಮಾಗಳಿಗೆ ಬರೋರು ತುಂಬಾ ಜನ, ಅವರಿಗೆ ಬೇರೆ ಸಲಹೆ. ಗಾಯಕ ಜೇಮ್ಸ್ ಬ್ರೌನ್ ಬ್ಲ್ಯಾಕ್ ಸೀಸರ್‌ಗೆ ಮಾಡಿದ್ದು ಕೇಳಿ, ವಿಲಿಯಮ್ಸನ್ ಬೀದೀಲಿ ನಡೆಯೋವಾಗ ಆ ಹಾಡು ಬಂದ್ರೆ ಕೂತಲ್ಲೇ ಬೆನ್ನು ನೆಟ್ಟಗಾಗತ್ತೆ. ಎರಡನೇ ಭಾಗಕ್ಕೂ ಅವ್ರು ಹಾಡು ಮಾಡಿದ್ರು, ಸಿನಿಮಾದವ್ರು ತಗೊಳ್ಲಿಲ್ಲ, ಅದೇ ದಿ ಪೇಬ್ಯಾಕ್ ಅನ್ನೋ ಆಲ್ಬಮ್ ಆಯ್ತು, ಹೆಸ್ರಿನ ಅರ್ಥಾನೇ ಮುಯ್ಯಿ ತೀರಿಸೋದು, ಮುಂದೆ ಹಿಪ್‌ಹಾಪ್‌ನವ್ರು ಅದರ ತುಂಡುಗಳನ್ನ ಎಷ್ಟು ಹಾಡಲ್ಲಿ ಬಳಸ್ಕೊಂಡ್ರೋ ಲೆಕ್ಕವಿಲ್ಲ. ಕಾಫಿಗೆ ರಾಯ್ ಏಯರ್ಸ್ ವೈಬ್ರಾಫೋನ್ ನುಡಿಸಿರೋದು ಇಷ್ಟು ಗಟ್ಟಿ ಅಲ್ಲ, ತಣ್ಣಗೆ, ರಾತ್ರಿ ನಗರದ ದೀಪ ನೆನಪಿಗೆ ಬರೋ ಥರ, ಟ್ಯಾರಂಟಿನೋ 1997ರಲ್ಲಿ ಗ್ರಿಯರ್‌ಗೋಸ್ಕರ ಜ್ಯಾಕಿ ಬ್ರೌನ್ ಮಾಡಿದಾಗ ಆ ಸಂಗೀತವನ್ನೇ ಮತ್ತೆ ತಂದು ಹಾಕಿದ.

ನೋಡೋವಾಗ ಇಂಗ್ಲಿಷ್ ಸಬ್‌ಟೈಟಲ್ ಹಾಕ್ಕೊಳ್ಳಿ, ನಿಮ್ಮ ಇಂಗ್ಲಿಷ್ ಎಷ್ಟೇ ಚೆನ್ನಾಗಿದ್ರೂ. 70ರ ಹಾರ್ಲೆಮ್ ಮಾತು ಬೇರೆ ಲಯ. ದಿ ಮ್ಯಾನ್ ಅಂದ್ರೆ ಯಾವನೋ ಒಬ್ಬ ಗಂಡಸಲ್ಲ, ಪೊಲೀಸು ಇಲ್ಲಾ ಬಿಳಿಯರ ಅಧಿಕಾರ, ಜೈವ್ ಅಂದ್ರೆ ಬೊಗಳೆ, ಹಾಂಕಿ ಅಂದ್ರೆ ಬಿಳಿಯನಿಗೆ ಬೈಗುಳ, ಪುಷರ್ ಅಂದ್ರೆ ಬೀದೀಲಿ ಮಾಲು ಮಾರೋನು. ಕಪ್ಪು ಜನರಿಗೆ ಬಳಸೋ ಕೆಟ್ಟ ಪದಗಳು ಕಿವಿಗೆ ಬೀಳ್ತಾನೇ ಇರತ್ತೆ, ಖಳರ ಬಾಯಲ್ಲಿ ಒಂದರ್ಥ, ಗೆಳೆಯರ ಬಾಯಲ್ಲಿ ಇನ್ನೊಂದು, ಯಾರು ಯಾರಿಗೆ ಹೇಳ್ತಿದಾರೆ ಅಂತ ಗಮನ ಇಟ್ರೆ ಯಾರ ಮೇಲೆ ಯಾರಿಗೆ ಹಿಡಿತ ಇದೆ ಅನ್ನೋದು ಅಲ್ಲೇ ಗೊತ್ತಾಗತ್ತೆ.

ನನ್ನ ಕ್ರಮ ಕೇಳಿದ್ರೆ ಮೊದ್ಲು ಕಾಫಿ, ಆಮೇಲೆ ಗಾರ್ಡನ್ಸ್ ವಾರ್, ಮೂರನೇದು ಬ್ಲ್ಯಾಕ್ ಸೀಸರ್ ಮೂಲ ಅಂತ್ಯದ ಜೊತೆ, ಶುಗರ್ ಹಿಲ್ ಯಾವಾಗ ಬೇಕಾದ್ರೂ, ಫಾಕ್ಸಿ ಬ್ರೌನ್ ಆ ಎಚ್ಚರಿಕೆ ಮನಸ್ಸಲ್ಲಿಟ್ಕೊಂಡು, ಸ್ಲಾಟರ್ ಟೈಮ್ ಇದ್ರೆ. ಕಾಫಿ ಹಾಕಿದಾಗ ಮೊದಲ ಹತ್ತು ನಿಮಿಷದ ಗುಂಡಿನ ಸದ್ದು ಮುಗೀತು ಅಂತ ಫೋನ್ ಕೈಗೆತ್ಕೋಬೇಡಿ, ಆಪರೇಷನ್ ಥಿಯೇಟರಿನ ಆ ಕೈ ಬರೋದು ಅದಾದ್ಮೇಲೇ.